ಸೋಮವಾರ ಬೆಳಗ್ಗೆ ನಿಂತೇ ಇರುವ ಆಟೋಮ್ಯಾಟಿಕ್ ವಾಚು: ಇದಕ್ಕೆ ಚಾವಿ ಕೊಡಬೇಕೋ ಬೇಡವೋ?

ಸಿಂದಗಿ ನಾಕಾ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ವಾಚಿನ ವಿಷಯದಲ್ಲಿ ನಾನು ಹೊಸಬ, ತಪ್ಪು ಕೇಳಿದರೆ ಬೈಯಬೇಡಿ.

ದುಬೈನಲ್ಲಿರುವ ನಮ್ಮ ಭಾವ ಹೋದ ದೀಪಾವಳಿಗೆ ಬಂದಾಗ ತಮ್ಮ ಕೈಯಲ್ಲಿದ್ದ ಸೀಕೋ 5 ವಾಚು ಬಿಚ್ಚಿ ನನಗೆ ಕೊಟ್ಟರು. "ಆಟೋಮ್ಯಾಟಿಕ್ ಐತಿ, ಸೆಲ್ಲಿನ ಚಿಂತಿಲ್ಲ, ಕೈಯಾಗ ಇದ್ರ ಸಾಕು, ತಾನ ನಡೀತೈತಿ" ಅಂದರು. ಖುಷಿಯಿಂದ ಕಟ್ಟಿಕೊಂಡೆ.

ನಾನು ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಗುಮಾಸ್ತ. ಶನಿವಾರ ಅರ್ಧ ದಿನ. ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದು ವಾಚು ಬಿಚ್ಚಿ ಟಿವಿ ಪಕ್ಕ ಇಟ್ಟರೆ ಮತ್ತೆ ಕೈಗೆ ಹತ್ತುವುದು ಸೋಮವಾರವೇ. ಪ್ರತಿ ಸೋಮವಾರ ನಿಂತಿರುತ್ತದೆ. ಈ ಸಲ 5:20ಕ್ಕೆ ನಿಂತಿತ್ತು. ಹೋದ ವಾರ ಐದಕ್ಕೆ ಇನ್ನೂ ಹತ್ತು ನಿಮಿಷ ಇತ್ತು.

ಮಾರ್ಕೆಟ್‌ನ ಒಂದು ಅಂಗಡಿಗೆ ಒಯ್ದೆ. ಕೌಂಟರಿನಲ್ಲಿದ್ದವನು ಹಿಂದೆ ಮುಂದೆ ನೋಡಿ, "ಮಶಿನ್ ಹೋಗೇತಿ ಸರ್. ಸೆಲ್ಲಿನ ಮಶಿನ್ ಕೂಡಿಸಿ ಕೊಡ್ತೀನಿ, 450 ರೂಪಾಯಿ" ಅಂದ. ಮುಚ್ಚಳ ತೆಗೆದೂ ನೋಡಲಿಲ್ಲ. ಯಾಕೋ ಮನಸ್ಸಾಗದೆ ವಾಪಸ್ ತಂದೆ. ನಿಜವಾಗಿ ಕೆಟ್ಟಿದೆಯಾ? ಇದಕ್ಕೂ ದಿನಾ ಚಾವಿ ಕೊಡಬೇಕಾ? ಇನ್ನೊಂದು ವಿಷಯ, ವಾರದ ಹೆಸರು ಅರಬ್ಬಿಯಲ್ಲಿ ಬರುತ್ತದೆ. ಅದನ್ನು ಇಂಗ್ಲಿಷಿಗೆ ತರಬಹುದಾ?

ಜವಾರಿ ಮಂದಿ

ಮೊಬೈಲ್‌ನಲ್ಲಿ ಟೈಮ್ ಬರುತ್ತದಲ್ಲ ಮಾರಾಯ್ರೆ.

ಕರದಂಟು (ಅಮೀನಗಡ)

ಮೊಬೈಲ್‌ನಲ್ಲಿ ಊಟದ ಫೋಟೋನೂ ಬರುತ್ತದೆ. ಊಟ ಬಿಟ್ಟಿದ್ದೀರಾ?

ಖಡೇಬಜಾರ್ (ಬೆಳಗಾವಿ)

ಮೊದಲು ಹೇಳಿ, 450 ಕೊಟ್ಟಿಲ್ಲ ತಾನೆ? ಕೊಡದಿದ್ದರೆ ಪುಣ್ಯ ಮಾಡಿದ್ದೀರಿ. ಒಳ್ಳೆಯ ಮಶಿನ್ ಕಿತ್ತು ಅವರು ಇಟ್ಟುಕೊಳ್ಳುತ್ತಿದ್ದರು, ನಿಮಗೆ ಪ್ಲಾಸ್ಟಿಕ್ ಮಶಿನ್ ಬರುತ್ತಿತ್ತು.

ಈಗ ಲೆಕ್ಕ ಹಾಕೋಣ. ಶನಿವಾರ ಮಧ್ಯಾಹ್ನ 3ರಿಂದ ಸೋಮವಾರ ನಸುಕಿನ 5:20ರವರೆಗೆ ಎಷ್ಟಾಯಿತು? 38 ತಾಸು 20 ನಿಮಿಷ. ಆ ವಾಚು ಪೂರ್ತಿ ತುಂಬಿದ್ದರೆ ಸುಮಾರು 40 ತಾಸು ನಡೆಯುತ್ತದೆ. ಅಂದರೆ ನಿಮ್ಮದು ಕೆಟ್ಟಿಲ್ಲ ಸಾಹೇಬರೇ, ಹಸಿದಿದೆ ಅಷ್ಟೇ.

ಒಳಗೆ ಅರ್ಧಚಂದ್ರದ ಹಾಗೆ ಒಂದು ತೂಕದ ತಗಡು ಇರುತ್ತದೆ, ರೋಟರ್ ಅಂತ. ಹಿಂದಿನ ಮುಚ್ಚಳ ಗಾಜಿನದಾಗಿದ್ದರೆ ಕಣ್ಣಿಗೇ ಕಾಣುತ್ತದೆ. ಕೈ ಅಲ್ಲಾಡಿದ ಹಾಗೆ ಅದು ತಿರುಗುತ್ತದೆ, ತಿರುಗಿದ ಹಾಗೆ ವಾಚನ್ನು ನಡೆಸುವ ಮೇನ್ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಸೀಕೋದವರು 1959ರಲ್ಲೇ ಮ್ಯಾಜಿಕ್ ಲಿವರ್ ಅಂತ ಒಂದು ಸಣ್ಣ ಕೊಕ್ಕೆ ಮಾಡಿದರು. ರೋಟರ್ ಎಡಕ್ಕೆ ತಿರುಗಲಿ, ಬಲಕ್ಕೆ ತಿರುಗಲಿ, ಸ್ಪ್ರಿಂಗ್ ಒಂದೇ ಕಡೆ ತುಂಬುತ್ತದೆ. ಆದರೆ ಕೈ ಅಲ್ಲಾಡಬೇಕಲ್ಲ! ಕುರ್ಚಿಯಲ್ಲಿ ಕೂತು ಪಾಸ್‌ಬುಕ್ ಎಂಟ್ರಿ ಮಾಡುವ ಕೈ ಎಷ್ಟು ಅಲ್ಲಾಡೀತು? ಅದರಲ್ಲೂ ಎಡಗೈ.

ಟಿಳಕವಾಡಿ (ಬೆಳಗಾವಿ)

ಸಿಂಪಲ್. ದಿನಾ ಬೆಳಗ್ಗೆ ಕಟ್ಟುವ ಮೊದಲು ಚಾವಿಯನ್ನು ಮೇಲ್ಮುಖವಾಗಿ 30-40 ಸುತ್ತು ತಿರುಗಿಸಿ. ಮುಗಿಯಿತು.

ಸಿಂದಗಿ ನಾಕಾ

ಈಗಲೇ ತಿರುಗಿಸಿ ನೋಡಿದೆ ಸರ್. ಸುಮ್ನೆ ತಿರುಗುತ್ತದೆ. ನಮ್ಮಪ್ಪನ ಹಳೇ ವಾಚಿನಲ್ಲಿ ಬರುತ್ತಿದ್ದ ಕರ್ ಕರ್ ಸದ್ದು ಇಲ್ಲ, ಬಿಗಿಯೂ ಆಗುವುದಿಲ್ಲ. 50 ಸುತ್ತು ತಿರುಗಿಸಿದೆ. ಬೆರಳು ನೋಯಿತು.

ಖಡೇಬಜಾರ್

ಟಿಳಕವಾಡಿಯವರೇ, ಎಲ್ಲ ಆಟೋಮ್ಯಾಟಿಕ್‌ಗೂ ಚಾವಿ ಕೊಡಲು ಬರುವುದಿಲ್ಲ. ನಾಕಾ ಅವರೇ, ವಾಚು ಬೋರಲು ಹಾಕಿ ಮುಚ್ಚಳದ ಮೇಲೆ ಸಣ್ಣಕ್ಷರದಲ್ಲಿ ಏನಿದೆ ಓದಿ. ಮಶಿನ್ನಿನ ನಾಲ್ಕಕ್ಷರದ ಒಂದು ನಂಬರು, ಗೆರೆ, ಮತ್ತೆ ನಾಲ್ಕಕ್ಷರ. ಬೇರೆ ಕಡೆ ಆರಂಕಿಯ ಸೀರಿಯಲ್ ನಂಬರು.

ಸಿಂದಗಿ ನಾಕಾ

ನನ್ನ ಕಣ್ಣಿಗೆ ಕಾಣಲಿಲ್ಲ, ಮಗಳು ಓದಿದಳು. ಮೊದಲ ನಾಲ್ಕಕ್ಷರ 7ಎಸ್26. ಸೀರಿಯಲ್ ನಂಬರು 5ಎನ್ ಅಂತ ಶುರುವಾಗುತ್ತದೆ.

ಖಡೇಬಜಾರ್

ಸಿಕ್ಕಿತು. 7ಎಸ್26ಕ್ಕೆ ಕೈಯಿಂದ ಚಾವಿ ಕೊಡುವ ವ್ಯವಸ್ಥೆಯೇ ಇಲ್ಲ. ನೀವು 50 ಅಲ್ಲ, 500 ಸುತ್ತು ತಿರುಗಿಸಿದರೂ ಸ್ಪ್ರಿಂಗಿಗೆ ಸುದ್ದಿ ಮುಟ್ಟುವುದಿಲ್ಲ. ಚಾವಿ ಎಳೆದಾಗ ಸೆಕೆಂಡು ಮುಳ್ಳು ನಿಲ್ಲುವುದೂ ಇಲ್ಲ, ನೋಡಿ. ಆಮೇಲೆ ಬಂದ 4ಆರ್36 ಅನ್ನುವ ಮಶಿನ್ನಿನಲ್ಲಿ ಇವೆರಡೂ ಇವೆ. ಟಿಳಕವಾಡಿಯವರ ಕೈಯಲ್ಲಿ ಅದೇ ಇರಬೇಕು.

ನಿಂತಾಗ ಹೀಗೆ ಮಾಡಿ. ಡಯಲ್ ಮೇಲೆ ಮಾಡಿ ಅಂಗೈಯಲ್ಲಿ ಹಿಡಿದು, ತಟ್ಟೆಯಲ್ಲಿ ಅಕ್ಕಿ ಆರಿಸುವಾಗ ಆಡಿಸುವ ಹಾಗೆ ಅಡ್ಡಡ್ಡ ತೂಗಿ. ಅರ್ಧ ನಿಮಿಷ ಸಾಕು, ನಡೆಯಲು ಶುರುವಾಗುತ್ತದೆ. ಟೈಮ್ ಹೊಂದಿಸಿ ಕಟ್ಟಿಕೊಳ್ಳಿ, ಉಳಿದದ್ದನ್ನು ಕೈಯೇ ತುಂಬುತ್ತದೆ. ಕೆಮ್ಮಿನ ಔಷಧಿ ಬಾಟಲಿ ಅಲ್ಲಾಡಿಸಿದ ಹಾಗೆ ಮಾತ್ರ ಅಲ್ಲಾಡಿಸಬೇಡಿ. ದಿನಕ್ಕೆ ಎಂಟು ಹತ್ತು ತಾಸು ಕೈಯಲ್ಲಿರಲಿ, ಭಾನುವಾರವೂ.

ಇನ್ನು ಸೀರಿಯಲ್ ನಂಬರು. ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. 1ರಿಂದ 9 ಜನವರಿಯಿಂದ ಸೆಪ್ಟೆಂಬರ್, 0 ಅಂದರೆ ಅಕ್ಟೋಬರ್, ಎನ್ ನವೆಂಬರ್, ಡಿ ಡಿಸೆಂಬರ್. ನಿಮ್ಮದು 2015ರ ನವೆಂಬರ್ ಇರಬೇಕು. 2005 ಕೂಡ ಆಗಬಹುದು, ಭಾವನನ್ನು ಕೇಳಿ.

ಸಿಂದಗಿ ನಾಕಾ

ಭಾವನಿಗೆ ಮೆಸೇಜ್ ಹಾಕಿದೆ. 2016ರ ರಂಜಾನ್ ಸೇಲಿನಲ್ಲಿ ತಗೊಂಡಿದ್ದಂತೆ. ಒಮ್ಮೆಯೂ ಬಿಚ್ಚಿಸಿಲ್ಲವಂತೆ. "ಯಾಕ, ನಿಂತೇತೇನು?" ಅಂತ ಕೇಳುತ್ತಿದ್ದಾರೆ. ಏನು ಹೇಳಲಿ?

ಕರದಂಟು

"ಇಲ್ಲ ಮಾಮಾ, ಭಾನುವಾರ ರಜಾ ತಗೊಂಡೈತಿ" ಅನ್ನಿ.

ನವನಗರ ಟೀಚರ್ (ಬಾಗಲಕೋಟೆ)

ನನ್ನದೊಂದು ಪ್ರಶ್ನೆ ಇಲ್ಲೇ ಸೇರಿಸಲಾ? ನಮ್ಮಪ್ಪನದು ಎಚ್‌ಎಂಟಿ ಕಾಂಚನ್. ಅದೂ ಆಟೋಮ್ಯಾಟಿಕ್. 1986ರಲ್ಲಿ ಮದುವೆಗೆ ಬೀಗರು ಕೊಟ್ಟಿದ್ದು. ಆಗ ಕಾಂಚನ್ ಸುಲಭಕ್ಕೆ ಸಿಗುತ್ತಿರಲಿಲ್ಲ, ನಮ್ಮಜ್ಜ ಅದಕ್ಕಾಗಿ ಎಲ್ಲೆಲ್ಲೋ ವಶೀಲಿ ಹಚ್ಚಿಸಿದ್ದರು ಅಂತ ಅಪ್ಪ ದೊಡ್ಡ ಕಥೆ ಹೇಳುತ್ತಿದ್ದರು. ಚಿಕ್ಕವರಿದ್ದಾಗ ನಾವು ಯಾವ ವಾಚಿನ ಚಾವಿ ಮುಟ್ಟಿದರೂ "ಜಾಸ್ತಿ ತಿರುವಬ್ಯಾಡ್ರಿ, ಸ್ಪ್ರಿಂಗ್ ಹರಿತೈತಿ" ಅಂತ ಒದರುತ್ತಿದ್ದರು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಅಂದಿನಿಂದ ವಾಚು ಟ್ರೆಜರಿಯಲ್ಲೇ ಇದೆ. ಮೊನ್ನೆ ತೆಗೆದು ಅಲ್ಲಾಡಿಸಿದೆ. ಹತ್ತು ನಿಮಿಷ ನಡೆದು ನಿಂತಿತು. ಒಳಗಿಂದ ಗೀರಿದ ಹಾಗೆ ಒಂದು ಸದ್ದು. ನಾನೇನಾದರೂ ಕೆಡಿಸಿದೆನಾ ಅಂತ ಆವತ್ತಿನಿಂದ ಒಂದೇ ಕೊರಗು.

ರಿಪೇರಿ ಕಾಕಾ

ಟೀಚರಮ್ಮ, ನೀವು ಕೆಡಿಸಿಲ್ಲ. ಆದರೆ ಇನ್ನು ಅಲ್ಲಾಡಿಸಬೇಡಿ.

ನಾನು 34 ವರ್ಷ ಬಾಗಲಕೋಟೆ ಹಳೇ ಊರಲ್ಲಿ ವಾಚು ರಿಪೇರಿ ಮಾಡಿದವನು. ಆಲಮಟ್ಟಿ ಹಿನ್ನೀರು ಬಂದಾಗ ಅಂಗಡಿ ಎತ್ತಿ ನವನಗರಕ್ಕೆ ಬಂದೆ. ಈಗ ಕಣ್ಣು ಸಾಲದೆ ಬಿಟ್ಟಿದ್ದೇನೆ. ಮೊಮ್ಮಗ ಟೈಪ್ ಮಾಡಿಕೊಡುತ್ತಿದ್ದಾನೆ, ತಪ್ಪಿದ್ದರೆ ಅವನದು.

ನಿಮ್ಮಪ್ಪ ಹೇಳಿದ್ದು ಚಾವಿ ವಾಚಿಗೆ ಸರಿ. ಅದರಲ್ಲಿ ಸ್ಪ್ರಿಂಗಿನ ಹೊರತುದಿ ಡಬ್ಬಿಗೆ ಕೊಕ್ಕೆ ಹಾಕಿ ಕೂತಿರುತ್ತದೆ. ಪೂರ್ತಿ ತುಂಬಿದಾಗ ಚಾವಿ ಗಟ್ಟಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು, ಹಟ ಮಾಡಿದರೆ ಏನಾದರೊಂದು ಹರಿಯುತ್ತದೆ. ಆಟೋಮ್ಯಾಟಿಕ್ಕಿನಲ್ಲಿ ಆ ಕೊಕ್ಕೆ ಇಲ್ಲ. ಹೊರತುದಿಯಲ್ಲಿ ಒಂದು ಗಟ್ಟಿ ಪಟ್ಟಿ ಡಬ್ಬಿಯ ಗೋಡೆಗೆ ಒತ್ತಿ ನಿಂತಿರುತ್ತದೆ. ತುಂಬಿದ ಮೇಲೆ ಅದು ಜಾರುತ್ತದೆ. ನೀವು ದಿನವಿಡೀ ಓಡಾಡಿದರೂ ಜಾಸ್ತಿ ತುಂಬುವ ಮಾತೇ ಇಲ್ಲ. ಜನ ನನ್ನ ಹತ್ತಿರ ಬಂದು "ಕಾಕಾ, ಓವರ್ ಆಗೇತಿ" ಅನ್ನುತ್ತಿದ್ದರು. ಬಿಚ್ಚಿದರೆ ಸ್ಪ್ರಿಂಗ್ ಪೂರ್ತಿ ತುಂಬಿರುತ್ತಿತ್ತು, ನಿಜ. ಆದರೆ ಗಾಲಿ ತಿರುಗುತ್ತಿರಲಿಲ್ಲ, ಯಾಕೆಂದರೆ ಎಣ್ಣೆ ಒಣಗಿ ಅಂಟಾಗಿತ್ತು.

ಆ ಎಣ್ಣೆಯನ್ನು ನೀವು ನೋಡಬೇಕು. ಹೊಸದಿದ್ದಾಗ, ಗಾಲಿಯ ಮೊನೆ ಕೂರುವ ಕೆಂಪು ಕಲ್ಲಿನ ನಡುವೆ ಕನ್ನಡಿ ಚೂರಿನ ಹಾಗೆ ಹೊಳೆಯುವ ಒಂದು ಸಣ್ಣ ಉಂಗುರ. ಹತ್ತು ವರ್ಷ ಬಿಟ್ಟು ನೋಡಿದರೆ ಅದೇ ಜಾಗದಲ್ಲಿ ಕಂದು ಬಣ್ಣದ ಜಿಡ್ಡು, ದೀಪದ ಪಣತಿಯ ಅಂಚಿನಲ್ಲಿ ಕೂರುತ್ತದಲ್ಲ, ಹಾಗೆ. ಅದರಲ್ಲಿ ಕೂದಲಿಗಿಂತ ಸಣ್ಣ ಮೊನೆ ತಿರುಗಬೇಕು. ತಿರುಗುತ್ತದೆ, ಆದರೆ ತಾನೇ ಸವೆದುಕೊಂಡು.

ನಿಮ್ಮ ಕಾಂಚನ್‌ನಲ್ಲಿ ಗೀರುವ ಸದ್ದು ರೋಟರಿನದು. ಅದರ ನಡುವಿನ ಆಸರೆ ಸವೆದು ಒಂದು ಕಡೆ ಬಾಗಿ ಮುಚ್ಚಳಕ್ಕೆ ತಾಗುತ್ತಿದೆ. ಮುಚ್ಚಳ ತೆಗೆಸಿ ಒಳಗೆ ನೋಡಿ, ಕಮಾನಿನ ಹಾಗೆ ಒಂದು ಗೀರು ಬಿದ್ದಿರುತ್ತದೆ. ಆ ಲೋಹದ ಪುಡಿ ಗಾಲಿಗಳೊಳಗೆ ಹೋದರೆ ಕೆಲಸ ದೊಡ್ಡದಾಗುತ್ತದೆ. ಅದಕ್ಕೇ ಅಲ್ಲಾಡಿಸಬೇಡಿ ಅಂದೆ.

ನವನಗರ ಟೀಚರ್

ಕಾಕಾ, ಈಗ ನಿದ್ದೆ ಬಂದೀತು. ಮೊಮ್ಮಗನಿಗೂ ಥ್ಯಾಂಕ್ಸ್ ಹೇಳಿ. ಒತ್ತಕ್ಷರ ಚೆನ್ನಾಗಿ ಹಾಕುತ್ತಾನೆ.

ತುಮಕೂರು ಬಸ್

ಒಂದು ನಿಮಿಷ. ಎಲ್ಲರೂ ಚಾವಿ ಚಾವಿ ಅಂತೀರಲ್ಲ, ವಾಚಿಗೆ ಕೊಡೋದು ಕೀ ಅಲ್ವಾ? ಚಾವಿ ಬೀಗಕ್ಕೆ.

ಕರದಂಟು

ಬೀಗ ನಿಮಗೆ. ನಮಗೆ ಅದು ಕೀಲಿ. ಬೀಗರು ಅಂದರೆ ನಮ್ಮಲ್ಲಿ ವಾಚು ಕೊಡುವವರು.

ತುಮಕೂರು ಬಸ್

ಹಾಗಾದರೆ ಕೀಲಿಗೆ ಚಾವಿ, ವಾಚಿಗೂ ಚಾವಿ? ಸರಿ, ಒಪ್ಪಿದೆ. ಎಚ್‌ಎಂಟಿ ವಿಷಯ ಬಂತು ಅಂತ ಬಂದೆ. ನಮ್ಮೂರಲ್ಲೂ ವಾಚ್ ಫ್ಯಾಕ್ಟರಿ ಇತ್ತು. ಬೆಂಗಳೂರಿನದು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ಶುರುವಾಯಿತು, ಮೊದಲ ವಾಚುಗಳನ್ನು ನೆಹರೂ ಬಿಡುಗಡೆ ಮಾಡಿದರು. ಕಡೆಗೆ 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಆ ದಿನ ನಮ್ಮ ದೊಡ್ಡಪ್ಪ ಜನತಾ ವಾಚು ಕಟ್ಟಿಕೊಂಡು ಸುಮ್ನೆ ಜಗಲಿ ಮೇಲೆ ಕೂತಿದ್ದರು. ಟೀಚರ್, ಆ ಕಾಂಚನ್ ಬಿಡಬೇಡಿ.

ಜವಾರಿ ಮಂದಿ

ಜನತಾ ಆಟೋಮ್ಯಾಟಿಕ್ಕಾ?

ತುಮಕೂರು ಬಸ್

ಅಲ್ಲ, ಕೀ ಕೊಡೋದು. ಚಾವಿ, ಚಾವಿ.

ಉದ್ಯಮಬಾಗ್ (ಬೆಳಗಾವಿ)

ನಿಲ್ಲುವುದು ಬಿಡಿ, ಓಡುವ ಕಥೆ ಕೇಳಿ. ನಾನು ಫೌಂಡ್ರಿಯಲ್ಲಿದ್ದೇನೆ, ಇಂಡಕ್ಷನ್ ಫರ್ನೇಸ್ ಹತ್ತಿರ. ನನ್ನ ಆಟೋಮ್ಯಾಟಿಕ್ ಇದ್ದಕ್ಕಿದ್ದ ಹಾಗೆ ದಿನಕ್ಕೆ ಹದಿನೈದು ನಿಮಿಷ ಮುಂದೆ ಓಡತೊಡಗಿತು. ಶಿಫ್ಟ್ ಮುಗಿಯುವ ಮೊದಲೇ ನನ್ನ ಕೈಯಲ್ಲಿ ಶಿಫ್ಟ್ ಮುಗಿದಿರುತ್ತಿತ್ತು. ಒಬ್ಬ ರಿಪೇರಿಯವರು ಎಣ್ಣೆ ಹಾಕಬೇಕು ಅಂತ ದುಡ್ಡು ತಗೊಂಡರು. ಎರಡು ದಿನಕ್ಕೆ ಮತ್ತೆ ಅದೇ.

ಕಡೆಗೆ ಗೊತ್ತಾಗಿದ್ದು, ಅಯಸ್ಕಾಂತ ಹಿಡಿದಿತ್ತು. ಮಗನ ಸೈನ್ಸ್ ಕಿಟ್ಟಿನಲ್ಲಿ ಎಂಟಾಣೆಯಷ್ಟಗಲದ ದಿಕ್ಸೂಚಿ ಇತ್ತು. ಅದನ್ನು ಟೇಬಲ್ ಮೇಲಿಟ್ಟು ವಾಚನ್ನು ಮೆಲ್ಲಗೆ ಪಕ್ಕಕ್ಕೆ ತಂದೆ. ಉತ್ತರಕ್ಕೆ ನಿಂತಿದ್ದ ಮುಳ್ಳು ವಾಚಿನ ಕಡೆ ತಿರುಗಿ ನಡುಗಿತು. ಮಗ ಚಪ್ಪಾಳೆ ಹೊಡೆದ. ನಾನು ತಲೆ ಹಿಡಿದುಕೊಂಡೆ.

ಖಡೇಬಜಾರ್

ಒಳ್ಳೆಯ ಉದಾಹರಣೆ. ವಾಚಿಗೆ ಬಡಿತ ಕೊಡುವ ಬ್ಯಾಲೆನ್ಸ್ ಗಾಲಿಗೆ ಹೇರ್ ಸ್ಪ್ರಿಂಗ್ ಅಂತ ಒಂದು ಸಣ್ಣ ಸುರುಳಿ ಇರುತ್ತದೆ. ಅಯಸ್ಕಾಂತ ಹಿಡಿದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ಸ್ಪ್ರಿಂಗ್ ಗಿಡ್ಡವಾದ ಹಾಗೆ. ಬ್ಯಾಲೆನ್ಸ್ ಗಾಲಿ ಗಡಿಬಿಡಿಯಲ್ಲಿ ಬಡಿಯುತ್ತದೆ, ವಾಚು ಓಡುತ್ತದೆ. ಇದಕ್ಕೆ ಬಿಚ್ಚುವುದೂ ಬೇಡ, ಎಣ್ಣೆಯೂ ಬೇಡ. ಡಿಮ್ಯಾಗ್ನೆಟೈಸರ್ ಅಂತ ಅಂಗೈಯಗಲದ ಪೆಟ್ಟಿಗೆ ಬರುತ್ತದೆ. ಅದರ ಮೇಲಿಟ್ಟು ಬಟನ್ ಒತ್ತಿ, ಒತ್ತಿಕೊಂಡೇ ವಾಚನ್ನು ಒಂದು ಮೊಳ ದೂರ ಮೇಲಕ್ಕೆತ್ತಬೇಕು. ಹತ್ತಿರವಿರುವಾಗಲೇ ಬಟನ್ ಬಿಟ್ಟರೆ ಮತ್ತೆ ಹಿಡಿಯುತ್ತದೆ.

ಫೌಂಡ್ರಿಗೇ ಹೋಗಬೇಕಿಲ್ಲ. ಅಡುಗೆಮನೆಯ ಇಂಡಕ್ಷನ್ ಒಲೆ, ಸ್ಪೀಕರ್, ಅಯಸ್ಕಾಂತದ ಗುಂಡಿಯಿರುವ ಬ್ಯಾಗು, ಮೊಬೈಲ್ ಕವರು, ಎಲ್ಲ ಅದೇ ಜಾತಿ. ರಾತ್ರಿ ವಾಚನ್ನು ಮೊಬೈಲ್ ಮೇಲೆ ಇಡಬೇಡಿ. ನಾಕಾ ಅವರೇ, ಟಿವಿ ಪಕ್ಕ ಅಂದಿರಲ್ಲ, ಸ್ಪೀಕರ್ ಎಲ್ಲಿದೆ ನೋಡಿ.

ಸಿಂದಗಿ ನಾಕಾ

ಸ್ಪೀಕರ್ ಮೇಲೆಯೇ ಇಡುತ್ತಿದ್ದೆ. ಈಗ ದೇವರ ಕೋಣೆಯ ಮಾಡಕ್ಕೆ ಬಡ್ತಿ ಸಿಕ್ಕಿದೆ.

ಇಳಕಲ್ ಸೆರಗು

ನಮ್ಮವರ ಕಥೆ ಬೇರೆ. ವಾಚಿನ ಮೇಲೆ 50 ಮೀಟರ್ ಅಂತ ಬರೆದಿದೆ ಎಂದು ಸಂಕ್ರಾಂತಿಗೆ ಕೂಡಲಸಂಗಮದಲ್ಲಿ ಕಟ್ಟಿಕೊಂಡೇ ಮುಳುಗು ಹಾಕಿದರು. "ನೀರು ಎದಿ ಮಟ ಐತಿ, 50 ಮೀಟರ್ ಎಲ್ಲಿ ಬಂತು" ಅಂತ ನನಗೇ ಲೆಕ್ಕ ಹೇಳಿದರು. ಸಜ್ಜಿ ರೊಟ್ಟಿ ಬುತ್ತಿ ಬಿಚ್ಚುವ ಹೊತ್ತಿಗೆ ಗಾಜಿನೊಳಗೆ ಮಂಜು. ಮನೆಗೆ ಬಂದು ಜೋಳದ ಡಬ್ಬಿಯಲ್ಲಿ ಹೂತಿಟ್ಟರು, ಯಾರೋ ಅಕ್ಕಿಯಲ್ಲಿ ಇಡಿ ಅಂದಿದ್ದರಂತೆ. ಮಂಜು ಹೋಯಿತು. ತಿಂಗಳಿಗೆ ವಾಚೂ ಹೋಯಿತು.

ಕರದಂಟು

ಅಕ್ಕಿ ಅಂದರೆ ಜೋಳ ಹಾಕಿದರೆ ಹೀಗೇ ಆಗೋದು ಅಕ್ಕಾ. ರೊಟ್ಟಿಯಲ್ಲಿ ಮುಳ್ಳು ಸಿಗಲಿಲ್ಲ ತಾನೆ?

ರಿಪೇರಿ ಕಾಕಾ

ಅಕ್ಕಿಯೂ ಬೇಡ, ಜೋಳವೂ ಬೇಡ. ಗಾಜಿನ ಮಂಜು ಮಾಯವಾದರೂ ನೀರು ಒಳಗೇ ಇರುತ್ತದೆ, ಗಾಲಿಗಳ ಮೇಲೆ ಕೂರುತ್ತದೆ. ಒಂದು ವಾರದಲ್ಲಿ ತುಕ್ಕು. ಮಂಜು ಕಂಡ ದಿನವೇ ಮುಚ್ಚಳ ತೆಗೆಸಬೇಕು, ನಾಳೆ ಅನ್ನಬಾರದು.

50 ಮೀಟರ್ ಅಂದರೆ ಅಷ್ಟು ಆಳಕ್ಕೆ ಹೋಗಬಹುದು ಅಂತ ಅರ್ಥ ಅಲ್ಲಮ್ಮ. ಹೊಸ ವಾಚನ್ನು ಅಷ್ಟು ಒತ್ತಡದಲ್ಲಿ ಅಲುಗಾಡಿಸದೆ ಇಟ್ಟು ಪರೀಕ್ಷೆ ಮಾಡಿರುತ್ತಾರೆ. 30 ಮೀಟರ್ ಅಂತಿದ್ದರೆ ಕೈ ತೊಳೆಯುವಾಗ ಸಿಡಿದ ನೀರಿಗೆ, ಮಳೆ ಹನಿಗೆ ಸಾಕು. ಒಳಗಿನ ರಬ್ಬರ್ ಉಂಗುರ ವರ್ಷ ಕಳೆದಂತೆ ಗಟ್ಟಿಯಾಗಿ ಬಿರಿಯುತ್ತದೆ, ಆಮೇಲೆ ಆ ಮಾತೂ ಇಲ್ಲ. ಬಿಸಿನೀರು, ಸಾಬೂನು ಅದಕ್ಕೆ ಇನ್ನೂ ಕೆಟ್ಟದ್ದು. ಜಳಕಕ್ಕೆ ಮುಂಚೆ ವಾಚು ಬಿಚ್ಚಿಡಿ ಅಂದರೆ ಒಬ್ಬರೂ ಕೇಳುವುದಿಲ್ಲ.

ಬೇಸಿಗೆಯಲ್ಲಿ ವಿಜಾಪುರದ ಬೆವರು ಬೇರೆ. ಸಂಜೆ ಮೆತ್ತನೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಚೈನಿನ ಸಂದಿಯನ್ನು ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ. ಇದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ.

ಟಿಳಕವಾಡಿ

ನಿಲ್ಲುವ ಸಮಸ್ಯೆಗೆ ವೈಂಡರ್ ತಗೊಳ್ಳಿ ಅಂತ ಯಾರೂ ಹೇಳಲಿಲ್ಲವಲ್ಲ. ಡಬ್ಬಿಯೊಳಗೆ ವಾಚು ಇಟ್ಟರೆ ಮೋಟಾರು ತಿರುಗಿಸುತ್ತಿರುತ್ತದೆ. ನಾನು ಎರಡು ವಾಚಿಗೆ ಇಟ್ಟಿದ್ದೇನೆ.

ಜವಾರಿ ಮಂದಿ

ಸೆಲ್ ಬೇಡ ಅಂತ ಆಟೋಮ್ಯಾಟಿಕ್ ತಗೊಂಡು, ಅದನ್ನು ಕರೆಂಟಿನಲ್ಲಿ ತಿರುಗಿಸುತ್ತೀರಾ? ನಾನಿನ್ನು ಏನೂ ಮಾತಾಡುವುದಿಲ್ಲ.

ಖಡೇಬಜಾರ್

ಜವಾರಿಯವರ ಮಾತನ್ನು ಜೀವನದಲ್ಲಿ ಮೊದಲ ಸಲ ಒಪ್ಪುತ್ತೇನೆ. ಒಂದೇ ವಾಚಿದ್ದವರಿಗೆ ವೈಂಡರ್ ಬೇಡ. ನಿಂತ ವಾಚಿಗೆ ಏನೂ ಆಗುವುದಿಲ್ಲ, ಅದು ಮಲಗಿದೆ ಅಷ್ಟೇ. ವೈಂಡರಿನಲ್ಲಿ ಸುಮ್ನೆ ತಿರುಗುತ್ತಾ ಸವೆಯುತ್ತದೆ.

ಟಿಳಕವಾಡಿ

ನಿಲ್ಲಿಸಿಟ್ಟರೆ ಎಣ್ಣೆ ಒಣಗುತ್ತದೆ ಅಂತ ನನಗೆ ಮಾರಿದವರು ಹೇಳಿದ್ದು.

ರಿಪೇರಿ ಕಾಕಾ

ಮಾರಿದವರು ಹೇಳುತ್ತಾರೆ. ಎಣ್ಣೆ ಒಣಗುವುದು ಕಾಲಕ್ಕೆ. ತಿರುಗಿಸಿದರೂ ಒಣಗುತ್ತದೆ, ಇಟ್ಟರೂ ಒಣಗುತ್ತದೆ. ವರ್ಷಗಟ್ಟಲೆ ಇಡುವುದಾದರೆ ತಿಂಗಳಿಗೊಮ್ಮೆ ಕೈಯಲ್ಲಿ ಕಟ್ಟಿ ಒಂದು ದಿನ ನಡೆಸಿ, ಸಾಕು.

ಉದ್ಯಮಬಾಗ್

ಬುಲೆಟ್ ಮೇಲೆ ಹೋದರೆ ಬೇಗ ತುಂಬುತ್ತದೆ ಅಂತಾರೆ, ನಿಜವಾ? ನಮ್ಮ ಕಡೆ ರಸ್ತೆಗೆ ಒಂದು ಟ್ರಿಪ್ಪಿನಲ್ಲಿ ವಾರದ್ದು ತುಂಬಬೇಕು.

ಖಡೇಬಜಾರ್

ಅದು ನಡುಗುವುದು, ತೂಗುವುದಲ್ಲ. ರೋಟರಿಗೆ ಬೇಕಾದ್ದು ತೂಗಾಟ. ನಡೆಯುವಾಗ ಕೈ ಬೀಸುತ್ತೀರಲ್ಲ, ಅದು. ಹೊಸ ವಾಚುಗಳಲ್ಲಿ ಪೆಟ್ಟು ತಡೆಯುವ ಸಣ್ಣ ಸ್ಪ್ರಿಂಗ್ ಬ್ಯಾಲೆನ್ಸಿನ ಎರಡೂ ಕಡೆ ಇರುತ್ತದೆ, ಹಾಗಾಗಿ ಬುಲೆಟ್ಟಿಗೆ ಹೆದರಬೇಕಿಲ್ಲ. ಆದರೆ ಸುತ್ತಿಗೆ, ಹಾರೆ, ಕ್ರಿಕೆಟ್ ಬ್ಯಾಟು ಹಿಡಿಯುವಾಗ ಬಿಚ್ಚಿಡಿ.

ಒಂದು ಹಳೇ ಕಥೆ ನೆನಪಾಯಿತು. ಕೈಗೆ ಕಟ್ಟುವ ಆಟೋಮ್ಯಾಟಿಕ್ ವಾಚಿಗೆ 1924ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಪೇಟೆಂಟ್ ಪಡೆದವನು ಜಾನ್ ಹಾರ್ವುಡ್ ಅಂತ ಒಬ್ಬ ಇಂಗ್ಲಿಷ್ ರಿಪೇರಿಯವನು. ಚಾವಿಯ ತೂತಿನಿಂದಲೇ ಧೂಳು, ನೀರು ಹೋಗುವುದು ಅಂತ ಅವನು ಚಾವಿಯನ್ನೇ ತೆಗೆದುಬಿಟ್ಟ. ಟೈಮ್ ಹೊಂದಿಸಲು ಗಾಜಿನ ಸುತ್ತಲಿನ ಬಳೆ ತಿರುಗಿಸಬೇಕಿತ್ತು. ನಮ್ಮ ಏಪ್ರಿಲ್ ತಿಂಗಳ ಧೂಳಿಗೆ ಅಂಥದ್ದೇ ಬೇಕಿತ್ತು ನೋಡಿ.

ಸಿಂದಗಿ ನಾಕಾ

ಅರಬ್ಬಿ ವಾರದ ಪ್ರಶ್ನೆ ಎಲ್ಲರೂ ಮರೆತಿರಿ. ನಿನ್ನೆ ರಾತ್ರಿ 11ಕ್ಕೆ ನಾನೇ ತಿರುಗಿಸಲು ಕೂತಿದ್ದೆ, ಹೆಂಡತಿ ಲೈಟ್ ಆರಿಸಿದಳು.

ಖಡೇಬಜಾರ್

ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ. ವಾಚು ಉಳಿಸಿದರು! ರಾತ್ರಿ 9ರಿಂದ ಬೆಳಗಿನ ಜಾವ 4ರವರೆಗೆ ತಾರೀಖು, ವಾರ ಮುಟ್ಟಲೇಬಾರದು. ಆ ಹೊತ್ತಿನಲ್ಲಿ ತಾರೀಖು ಬದಲಿಸುವ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ನೀವು ಆಗ ತಿರುಗಿಸಿದರೆ ಹಲ್ಲು ಮುರಿಯಬಹುದು. ನಿಂತ ವಾಚಿನಲ್ಲಿ ಹಗಲೋ ರಾತ್ರಿಯೋ ತಿಳಿಯುವುದಿಲ್ಲವಲ್ಲ, ಅದಕ್ಕೊಂದು ಉಪಾಯ. ಮೊದಲು ಮುಳ್ಳುಗಳನ್ನು 6:30ಕ್ಕೆ ತನ್ನಿ. ಬೆಳಗಿನದಾದರೂ ಸಂಜೆಯದಾದರೂ ಅಪಾಯದ ಹೊತ್ತು ಅಲ್ಲ. ಆಮೇಲೆ ಚಾವಿ ಒಂದು ಹೆಜ್ಜೆ ಎಳೆದು ತಿರುಗಿಸಿ. ಒಂದು ಕಡೆಗೆ ತಿರುಗಿಸಿದರೆ ತಾರೀಖು, ಇನ್ನೊಂದು ಕಡೆಗೆ ವಾರ.

ಅದೇ ತಟ್ಟೆಯ ಮೇಲೆ ಎರಡು ಭಾಷೆಯೂ ಒಂದಾದ ಮೇಲೊಂದು ಅಚ್ಚಾಗಿರುತ್ತದೆ. ಅರಬ್ಬಿ ಬಂದರೆ ಇನ್ನೊಂದು ಸಲ ಟಕ್ ಅನ್ನಿಸಿ, ಇಂಗ್ಲಿಷ್ ಬರುತ್ತದೆ. ಒಮ್ಮೆ ಹೊಂದಿಸಿದರೆ ಅದೇ ಭಾಷೆಯಲ್ಲಿ ಮುಂದುವರಿಯುತ್ತದೆ. ತಾರೀಖು ಮಾತ್ರ 31 ದಿನ ಇಲ್ಲದ ತಿಂಗಳು ಮುಗಿದಾಗ ನೀವೇ ಸರಿ ಮಾಡಬೇಕು. ವರ್ಷಕ್ಕೆ ಐದು ಸಲ.

ಕರದಂಟು

ಇಷ್ಟೆಲ್ಲ ಮಾಡಿದ ಮೇಲೆ ಟೈಮ್ ಆದರೂ ಸರಿ ತೋರಿಸುತ್ತಾ?

ಖಡೇಬಜಾರ್

ಇಂಥ ಮಶಿನ್ ದಿನಕ್ಕೆ 20 ಸೆಕೆಂಡು ಆಚೀಚೆ ಆದರೆ ಬೈಯಬೇಡಿ. ಟೈಮ್ ಕರಾರುವಾಕ್ಕಾಗಿ ತೋರಿಸುತ್ತದೆ ಅಂತ ಸ್ವಿಸ್ ಕ್ರೋನೋಮೀಟರ್ ಸರ್ಟಿಫಿಕೇಟ್ ಇರುವ ಲಕ್ಷದ ವಾಚಿಗೂ ದಿನಕ್ಕೆ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಅಂತ ಮಾಫಿ ಇದೆ. ರಾತ್ರಿ ಮಲಗಿಸುವ ಭಂಗಿಯಲ್ಲೂ ವ್ಯತ್ಯಾಸ ಬರುತ್ತದೆ. ಡಯಲ್ ಮೇಲೆ ಮಾಡಿ ಒಂದು ವಾರ, ಚಾವಿ ಕೆಳಗೆ ಮಾಡಿ ಒಂದು ವಾರ ಇಟ್ಟು ನೋಡಿ. ಹಗಲು ಮುಂದೆ ಹೋದದ್ದನ್ನು ರಾತ್ರಿ ಕಳೆಯುವ ಭಂಗಿ ಒಂದು ಸಿಕ್ಕೇ ಸಿಗುತ್ತದೆ.

ಸರ್ವಿಸ್ ಬಗ್ಗೆ ನನ್ನ ಅಭಿಪ್ರಾಯ: ಹತ್ತು ವರ್ಷದ 7ಎಸ್26ಕ್ಕೆ ದುಡ್ಡು ಹಾಕುವ ಬದಲು ಎನ್‌ಎಚ್36 ಅಂತ ಹೊಸ ಮಶಿನ್ ಹಾಕಿಸಿ. ಅಳತೆ ಅದೇ, ಮುಳ್ಳೂ ಡಯಲ್ಲೂ ಅವೇ ಕೂರುತ್ತವೆ. ಚಾವಿ ಕೊಡಲೂ ಬರುತ್ತದೆ.

ರಿಪೇರಿ ಕಾಕಾ

ಇದೊಂದನ್ನು ನಾನು ಒಪ್ಪುವುದಿಲ್ಲ. ನೀವು ಅವರ 450 ರೂಪಾಯಿಯ ಅಂಗಡಿಯವನನ್ನು ಬೈದಿರಿ. ಈಗ ನೀವೂ ಮಶಿನ್ ತೆಗೆದು ಬಿಸಾಡಿ ಅಂತಿದ್ದೀರಿ. 38 ತಾಸು ನಡೆಯುತ್ತಿರುವ ಮಶಿನ್‌ಗೆ ಏನು ರೋಗ? ಬಿಚ್ಚಿ, ತೊಳೆದು, ಎಣ್ಣೆ ಹಾಕಿದರೆ ಇನ್ನೂ ಹತ್ತು ವರ್ಷ ನಡೆಯುತ್ತದೆ. ಐದು ವರ್ಷಕ್ಕೊಮ್ಮೆ ಮಾಡಿಸಬೇಕಿತ್ತು, ಅವರ ಭಾವ ಮಾಡಿಸಲಿಲ್ಲ, ಅಷ್ಟೇ ತಪ್ಪು.

ಖಡೇಬಜಾರ್

ಕಾಕಾ, ತೊಳೆದು ಎಣ್ಣೆ ಹಾಕುವವರು ಎಲ್ಲಿದ್ದಾರೆ ಹೇಳಿ? ಪೆಟ್ರೋಲಿನಲ್ಲಿ ಅದ್ದಿ, ಹೊಲಿಗೆ ಮಶಿನ್ ಎಣ್ಣೆ ಸುರಿಯುವವರೇ ಜಾಸ್ತಿ. ಅದಕ್ಕೇ ಹೇಳಿದೆ.

ರಿಪೇರಿ ಕಾಕಾ

ಅದು ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನನ್ನ ಕೈಕೆಳಗೆ ಕಲಿತ ಹುಡುಗ ಒಬ್ಬ ಬಾಗಲಕೋಟೆಯಲ್ಲಿ ಇನ್ನೂ ಕೂರುತ್ತಾನೆ. ಹುಡುಗ ಅಂದರೆ ಅವನಿಗೂ 55. ನಾಕಾ ಅವರು, ಟೀಚರಮ್ಮ ಇಬ್ಬರಿಗೂ ಅವನ ಗುರುತು ಮೊಮ್ಮಗ ಖಾಸಗಿಯಾಗಿ ಕಳಿಸುತ್ತಾನೆ. ಇವರ ಮುಂದೆಯೇ ಬಿಚ್ಚಲು ಹೇಳುತ್ತೇನೆ.

ನವನಗರ ಟೀಚರ್

ಕಾಕಾ, ಡಯಲ್ ಮಾಸಿದೆ. ಹೊಸ ಬಣ್ಣ ಹೊಡೆಸಲಾ? ಆನ್‌ಲೈನಿನಲ್ಲಿ ಕಾಂಚನ್‌ಗಳು ಫಳಫಳ ಅನ್ನುತ್ತಿವೆ.

ರಿಪೇರಿ ಕಾಕಾ

ಬೇಡವೇ ಬೇಡ. ಫಳಫಳ ಅನ್ನುವವು ನಾಲ್ಕು ವಾಚು ಕೂಡಿಸಿ ಒಂದು ಮಾಡಿ ಬಣ್ಣ ಬಳಿದವು. ನಿಮ್ಮಪ್ಪ ನೋಡಿದ್ದು ಈ ಡಯಲ್ಲನ್ನೇ.

ಇಳಕಲ್ ಸೆರಗು

ಗೋಳಗುಮ್ಮಟದಲ್ಲಿ ಒಂದು ಕಡೆ ವಾಚು ಹಿಡಿದರೆ ಟಿಕ್ ಟಿಕ್ ಸದ್ದು ಎದುರು ಬದಿಗೆ ಕೇಳುತ್ತದೆ ಅಂತ ಗೈಡ್ ಹೇಳಿದ್ದ. ಸಾಲಿಯಿಂದ ಟ್ರಿಪ್ ಹೋದಾಗಿನ ಮಾತು. ಯಾರಾದರೂ ಕೇಳಿದ್ದೀರಾ?

ಕರದಂಟು

ಅಲ್ಲಿ ಟಿಕ್ ಟಿಕ್ ಎಲ್ಲಿ ಕೇಳಬೇಕು, "ಏ ಮಂಜ್ಯಾ" ಅಂತ ಕೂಗುವುದು ಏಳು ಸಲ ಕೇಳುತ್ತದೆ.

ಖಡೇಬಜಾರ್

ಸೆಲ್ ವಾಚಿನದು ಸೆಕೆಂಡಿಗೊಂದು ಬಡಿತ. 7ಎಸ್26ದು ತಾಸಿಗೆ 21,600, ಅಂದರೆ ಸೆಕೆಂಡಿಗೆ ಆರು. ಗುಮ್ಮಟದೊಳಗೆ ಅದು ಪ್ರತಿಧ್ವನಿಸಿದರೆ ಜೀರುಂಡೆ ಹೊಕ್ಕ ಹಾಗೆ ಕೇಳಬೇಕು. ನಾಕಾ ಅವರೇ, ನಿಮ್ಮೂರಲ್ಲೇ ಇದೆಯಲ್ಲ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹೋದರೆ ಗದ್ದಲ ಇರುವುದಿಲ್ಲ.

ಸಿಂದಗಿ ನಾಕಾ (ಹತ್ತು ದಿನದ ನಂತರ)

ಹೋಗಿ ಬಂದೆ. ಇದೇ ಊರಲ್ಲಿ ಹುಟ್ಟಿ ಗುಮ್ಮಟ ಹತ್ತದೆ ಹದಿನೆಂಟು ವರ್ಷವಾಗಿತ್ತು. ಭಾನುವಾರ ಬೆಳಗ್ಗೆ ನಾನು, ಹೆಂಡತಿ, ಮಗಳು. ಏಳು ಅಂತಸ್ತಿನ ಮೆಟ್ಟಿಲು ಹತ್ತುವಷ್ಟರಲ್ಲಿ ನನ್ನ ಉಸಿರೇ ಟಿಕ್ ಟಿಕ್ ಅನ್ನುತ್ತಿತ್ತು. ನಾನು ಒಂದು ಬದಿಗೆ ವಾಚನ್ನು ಗೋಡೆಗೆ ಹಿಡಿದು ನಿಂತೆ. ಅವರಿಬ್ಬರೂ ಎದುರು ಬದಿಗೆ ಹೋಗಿ ಕಿವಿ ಹಚ್ಚಿದರು. ಒಂದು ನಿಮಿಷ ಪೂರ್ತಿ ನಿಶ್ಶಬ್ದ. ಮಗಳು ಕೈ ಎತ್ತಿದಳು, ಕೇಳಿಸಿತು ಅಂತ. ಹೆಂಡತಿ ತಲೆ ಅಲ್ಲಾಡಿಸಿದಳು, ಇಲ್ಲ ಅಂತ. ಜಾಗ ಬದಲಿಸಿ ನಾನು ಕಿವಿ ಹಚ್ಚುವ ಹೊತ್ತಿಗೆ ಕೆಳಗಿನಿಂದ ಸಾಲಿ ಹುಡುಗರ ಒಂದು ದೊಡ್ಡ ಗುಂಪು ಬಂತು. ಆಮೇಲೆ ನಾನು ಕೇಳಿದ್ದು ಬರೀ "ಏ ಮಂಜ್ಯಾ".

ಸೋಮವಾರ ಬೆಳಗ್ಗೆ ಮಾಡದಿಂದ ತೆಗೆದು ನೋಡಿದರೆ ವಾಚು ನಡೆಯುತ್ತಿತ್ತು. ಭಾವನಿಗೆ ಫೋಟೋ ಕಳಿಸಿದೆ.

ಕರದಂಟು

ಹಾಗಾದರೆ ಪ್ರತಿ ಭಾನುವಾರ ಗುಮ್ಮಟ. ಸೊಸೈಟಿಯಿಂದ ಟಿಕೆಟ್ ಸಾಲ ತಗೊಳ್ಳಿ.

ನವನಗರ ಟೀಚರ್

ನನ್ನ ಕಾಂಚನ್ ಬಿಚ್ಚಿದರು. ಕಾಕಾ ಹೇಳಿದ ಹಾಗೆಯೇ ಮುಚ್ಚಳದೊಳಗೆ ಕಮಾನಿನ ಗೀರು. ಅದರ ಪಕ್ಕ ಸೂಜಿಯಲ್ಲಿ ಕೊರೆದ ಮೂರು ತಾರೀಖು ಇದ್ದವು. ಯಾವ್ಯಾವಾಗ ರಿಪೇರಿ ಆಗಿತ್ತು ಅಂತ ಗುರುತಂತೆ. ಕೊನೆಯದು 2004. ಕೈಬರಹ ನೋಡಿ ಅವರು ನಕ್ಕುಬಿಟ್ಟರು, "ಇದು ನಮ್ಮ ಉಸ್ತಾದರದ್ದೇ" ಅಂತ.

ರಿಪೇರಿ ಕಾಕಾ

ನನ್ನದಾ? ಫೋಟೋ ಹಾಕಿ, ಮೊಮ್ಮಗ ದೊಡ್ಡದು ಮಾಡಿ ತೋರಿಸುತ್ತಾನೆ.

ನಾಕಾ ಅವರೇ, ನೀವು ಯಾವಾಗ ಹೋಗುತ್ತೀರಿ?

ಸಿಂದಗಿ ನಾಕಾ

ಬರುವ ಶನಿವಾರ ಕಾಕಾ. ಅರ್ಧ ದಿನ ಅಲ್ವಾ, ಮೂರಕ್ಕೆ ಬಿಡುತ್ತೇನೆ.